ಬರಿಗಾಲಿನ ಟೀಮು ನಮ್ಮ ಮನೆಗೆ ಬರುತ್ತಿದ್ದ ವರ್ಷ

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲು ಕಣ್ಣೆದುರು ಬಂದುಬಿಡುತ್ತದೆ. ಸಂಜೆಯ ಹೊತ್ತು. ಬಚ್ಚಲೊಲೆಯ ಹೊಗೆ ಮಾವಿನ ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡು ನಿಂತಿರುತ್ತಿತ್ತು. ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಾವಿಕಟ್ಟೆಯ ಮೇಲೆ, ನೆಲದ ಮೇಲೆ ಹುಡುಗರು ಕೂತು ಮಂಡಿಗೆ, ಮೀನಖಂಡಕ್ಕೆ ಆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಪಾದಕ್ಕೆ ಅಂಟಿದ ಕೆಂಪು ಮಣ್ಣು, ಬೆವರು, ನೆಂದ ಚರ್ಮದ ಚೆಂಡು, ಅಡುಗೆಮನೆಯಿಂದ ಬರುವ ಒಗ್ಗರಣೆ, ಎಲ್ಲ ಕಲೆತು ಒಂದೇ ವಾಸನೆಯಾಗುತ್ತಿತ್ತು. ನಿಮ್ಮ ಬಾಲ್ಯದ ಮನೆಗೂ ಇಂಥದೊಂದು ವಾಸನೆ ಇದ್ದಿರಬೇಕು. ಮನೆ ಹೋದ ಮೇಲೂ ಅದು ಎಲ್ಲೋ ಸುಳಿದಾಡುತ್ತಿರುತ್ತದೆ, ಹಿಡಿಯಲು ಹೋದರೆ ಸಿಗುವುದಿಲ್ಲ.

ಆ ಹುಡುಗರು ನಮ್ಮ ಚಿಕ್ಕಪ್ಪನ ಕಾಲೇಜಿನ ಫುಟ್‌ಬಾಲ್ ಟೀಮು. ಚಿಕ್ಕಪ್ಪ ರುದ್ರೇಶ ಅದರ ಕ್ಯಾಪ್ಟನ್. ಸ್ವಾತಂತ್ರ್ಯ ಬಂದು ಇನ್ನೂ ಕೆಲವೇ ವರ್ಷವಾಗಿದ್ದ ಕಾಲ. ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಕಾಲೇಜಿನವರು ಬೂಟು ಹಾಕಿ ಆಡುತ್ತಿದ್ದರು, ನಮ್ಮವರು ಬರಿಗಾಲಲ್ಲಿ, ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು. ಆ ಪಟ್ಟಿಗಳಿಗೆ ಅಜ್ಜಿಯ ಹಳೆಯ ಸೀರೆಗಳು ಹೋಗುತ್ತಿದ್ದವು. ಗೋಲು ಕಾಯುತ್ತಿದ್ದ ಖಾದರ್ ಕಲಾಸಿಪಾಳ್ಯದವನು. ಒಬ್ಬ ಬಸವನಗುಡಿಯ ವಕೀಲರ ಮಗ, ಇನ್ನಿಬ್ಬರು ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಗೌಡರ ಮಕ್ಕಳು. ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದವನು ಮುನಿಸ್ವಾಮಿ, ಶ್ರೀರಾಂಪುರದವನು. ಅವನ ತಂದೆಗೆ ಮಿಲ್ಲಿನಲ್ಲಿ ಕೆಲಸ, ತಾಯಿ ಇರಲಿಲ್ಲ. ಅವನು ಮಾತಾಡುವ ಕನ್ನಡದ ತುದಿಯಲ್ಲಿ ಸ್ವಲ್ಪ ತಮಿಳು ಇಣುಕುತ್ತಿತ್ತು. ಆಗಿನ್ನೂ ಪುಟ್ಟ ಮಗುವಾಗಿದ್ದ ನನ್ನನ್ನು 'ಪಾಪಾ' ಎನ್ನುತ್ತಿದ್ದ. ನಾನು ಅವನನ್ನು ಮುನಿಯಣ್ಣ ಎನ್ನುತ್ತಿದ್ದೆ.

ನಮ್ಮ ತಾತನದು ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಕರಿ ಕೋಟು ತೊಟ್ಟು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಚೆಂಡು ಚರ್ಮದ್ದು, ಅದು ಹೊಸ್ತಿಲು ದಾಟಕೂಡದೆಂದು ಅಪ್ಪಣೆಯಾಗಿತ್ತು. ಓದಿಗೆ ಕಳಿಸಿದರೆ ಮಗ ಒದೆಯಲು ಕಲಿತ ಎಂಬ ಅಸಮಾಧಾನ ಅವರಿಗೆ. ಹಿಂದಿನ ವರ್ಷ ಚಿಕ್ಕಪ್ಪ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ ತಾತ ಕೂಗಾಡಲಿಲ್ಲ. ಇದೊಂದು ವರ್ಷ ಆಡಿಕೋ, ಆಮೇಲೆ ಮಂಡಿಯಲ್ಲಿ ಕೂರು ಎಂದಿದ್ದರು. ಹಾಗಾಗಿ ಆ ಸೀಸನ್ನು ಚಿಕ್ಕಪ್ಪನ ಕೊನೆಯ ಸೀಸನ್ನು ಎಂಬುದು ಮನೆಗೆಲ್ಲ ಗೊತ್ತಿತ್ತು.

ಹುಡುಗರನ್ನು ಹಿತ್ತಲಿಗೆ ಕರೆದು ಕೂರಿಸಿದ್ದು ಅಜ್ಜಿ. ಮೊದಮೊದಲು ಅವರು ಬೀದಿ ಬದಿಯ ಜಗುಲಿಯಲ್ಲೇ ಚಿಕ್ಕಪ್ಪನನ್ನು ಬಿಟ್ಟು ಹೊರಟುಬಿಡುತ್ತಿದ್ದರು. ಒಂದು ಆಷಾಢದ ಸಂಜೆ, ಗಾಳಿಮಳೆಗೆ ನೆನೆದು ನಡುಗುತ್ತ ನಿಂತಿದ್ದವರನ್ನು ಅಜ್ಜಿ ಕಿಟಕಿಯಿಂದ ನೋಡಿ ಪಕ್ಕದ ಓಣಿಯಿಂದ ಹಿಂದಕ್ಕೆ ಬರಹೇಳಿದರು. ನೆರೆಮನೆಯಾಕೆ ಅವರಿವರ ಜಾತಿ ತೆಗೆದಾಗ ಅಜ್ಜಿ ಹೇಳಿದ ಮಾತು ನಮ್ಮಲ್ಲಿ ಗಾದೆಯಂತೆ ಉಳಿಯಿತು: "ಹಸಿದು ಬಂದ ಮಕ್ಕಳನ್ನ ಯಾವ ಜಾತಿ ಅಂತ ಕೇಳ್ತಾ ಕೂತ್ರೆ ಉಪ್ಪಿಟ್ಟು ಆರಿಹೋಗತ್ತೆ ಕಣಮ್ಮ." ಆದರೆ ಅಜ್ಜಿಯೂ ಅವರನ್ನು ಒಳಕ್ಕೆ ಕರೆಯುತ್ತಿರಲಿಲ್ಲ. ಹಿತ್ತಲಿನವರೆಗೆ ಬಂದಿದ್ದೇ ಆ ಕಾಲಕ್ಕೆ ದೊಡ್ಡದು. ಬಿಸಿನೀರಿನ ಚೊಂಬು, ನೆನೆಸಿದ ಕಡಲೆ, ಬೆಲ್ಲ, ಉಪ್ಪಿಟ್ಟು. ಗೆದ್ದ ದಿನ ಗಲಾಟೆ ಹೆಚ್ಚು, ಸೋತ ದಿನ ಹಸಿವು ಹೆಚ್ಚು ಎಂದು ಅಜ್ಜಿ ನಗುತ್ತಿದ್ದರು. ಆ ವರ್ಷ ಗಲಾಟೆಯ ದಿನಗಳೇ ಜಾಸ್ತಿ. ಅವರೆಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ನಮ್ಮವರು ಸೆಮಿಫೈನಲ್ ಮುಟ್ಟಿದ್ದರು.

ಆ ಆಟದಲ್ಲಿ ಮುನಿಯಣ್ಣನ ಕಾಲು ಮುರಿಯಿತು. ಚಿಕ್ಕಪ್ಪ ಮೈದಾನದ ನಡುವಿನಿಂದ ಉದ್ದಕ್ಕೆ ಪಾಸು ಕೊಟ್ಟಿದ್ದ. ಅದು ಸಿಕ್ಕರೆ ಗೋಲು ಖಂಡಿತ. ಮುನಿಯಣ್ಣ ಬೆನ್ನಟ್ಟಿದ, ಎದುರು ಟೀಮಿನ ಬ್ಯಾಕ್ ಆಟಗಾರನೂ ಅದೇ ಚೆಂಡಿಗೆ ಓಡಿಬಂದ. ಯಾರ ತಪ್ಪೂ ಇರಲಿಲ್ಲವಂತೆ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಆಟ ನಮ್ಮವರೇ ಗೆದ್ದರು. ಸಂಜೆ ಆಸ್ಪತ್ರೆಯಿಂದ, ಕಾಲಿಗೆ ಬಿಳಿಯ ಪ್ಲಾಸ್ಟರು ಹಾಕಿಸಿಕೊಂಡ ಮುನಿಯಣ್ಣನನ್ನು ಹೋಟೆಲಿನ ಬೆಂಚೊಂದರ ಮೇಲೆ ಮಲಗಿಸಿ, ಟೀಮಿನವರು ನಮ್ಮ ಮನೆಗೆ ಹೊತ್ತು ತಂದರು. ಶ್ರೀರಾಂಪುರದ ಒಂದೇ ಕೋಣೆಯಲ್ಲಿ, ತಂದೆ ಪಾಳಿಗೆ ಹೋದರೆ ನೀರು ಕೊಡಲೂ ಯಾರೂ ಇರಲಿಲ್ಲ. ಚಿಕ್ಕಪ್ಪ ಯಾರನ್ನೂ ಕೇಳದೆ ಇಲ್ಲಿಗೆ ತಂದಿದ್ದ. ಹಿತ್ತಲಲ್ಲಿ ಬೆಂಚು ಇಳಿಸಿದರು. ಮಂಜು ಬೀಳತೊಡಗಿತ್ತು. ಅಜ್ಜಿ ಹಿತ್ತಲ ಬಾಗಿಲಿನ ಎರಡು ರೆಕ್ಕೆಯನ್ನೂ ತೆಗೆದರು. ಬೆಂಚು ಅಡುಗೆಮನೆ ದಾಟಿ, ನಡುಮನೆ ದಾಟಿ, ಮನೆಯಲ್ಲಿ ಮಂಚವಿದ್ದ ಒಂದೇ ಕೋಣೆಗೆ ಹೋಯಿತು. ಅದು ತಾತನ ಕೋಣೆ.

ತಾತ ಬಂದಾಗ ನಾವೆಲ್ಲ ನಡುಮನೆಯಲ್ಲಿ ನಿಂತಿದ್ದೆವು. ಅವರು ಕೋಟು ತೆಗೆದು ಗೂಟಕ್ಕೆ ಹಾಕಲು ಕೋಣೆಗೆ ಹೋದರು. ತಮ್ಮ ಮಂಚದ ಮೇಲೆ, ತಮ್ಮ ಕಂಬಳಿ ಹೊದ್ದು ಒಬ್ಬ ಹುಡುಗ ಮಲಗಿದ್ದ. ಮುನಿಯಣ್ಣ ಗಾಬರಿಯಿಂದ ಏಳಲು ಹೋಗಿ ನೋವಿಗೆ ಮುಖ ಕಿವುಚಿದ. ತಾತ ಅವನನ್ನೇ ನೋಡಿದರು. ಆ ಕಾಲನ್ನೂ ನೋಡಿದರು.

"ಊಟ ಆಯ್ತೇನಪ್ಪ?" ಎಂದರು.

ಅಷ್ಟೇ. ಅವತ್ತಿನಿಂದ ತಾತ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದರು.

ಆದರೆ ಚಿಕ್ಕಪ್ಪ ಆ ಕೋಣೆಗೆ ಕಾಲಿಡಲಿಲ್ಲ. ಔಷಧಿ ತರುತ್ತಿದ್ದ, ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದ. ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಮೂಳೆ ಕೂಡಿದರೂ ಕಾಲು ಸ್ವಲ್ಪ ಗಿಡ್ಡವಾಗಬಹುದು ಎಂದು ಡಾಕ್ಟರು ಅವನೊಬ್ಬನಿಗೇ ಹೇಳಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ. ಒಂದು ಮಧ್ಯಾಹ್ನ ನಾನು ಮಂಚದ ಕೆಳಗೆ ಕವಡೆ ಆಡುತ್ತಿದ್ದೆ. ಬಾಗಿಲಾಚೆ ಚಿಕ್ಕಪ್ಪನ ಹೆಜ್ಜೆ ಸಪ್ಪಳ ನಿಂತಿತು. ಮುನಿಯಣ್ಣನೇ ಕರೆದ.

"ಒಳಗೆ ಬಾರೋ ರುದ್ರು. ನೀನು ಕೊಟ್ಟ ಪಾಸು ಚೆನ್ನಾಗಿತ್ತು. ನಾನೇ ಲೇಟು."

ಚಿಕ್ಕಪ್ಪ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತ. ಎತ್ತರದ ಆಳು ಅವನು, ಕೂತಾಗ ಅವನ ಮುಖ ನನ್ನ ಮುಖದ ಎದುರಿಗೇ ಬಂತು. ದೊಡ್ಡವರು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುನಿಯಣ್ಣ ಮೇಲಿನಿಂದ ಅವನ ತಲೆಯ ಮೇಲೆ ಕೈಯಿಟ್ಟು ಫೈನಲಿಗೆ ಎಡಗಡೆ ಯಾರನ್ನು ಆಡಿಸಬೇಕೆಂದು ಹೇಳುತ್ತಲೇ ಇದ್ದ.

ಫೈನಲಿನ ದಿನ ಇನ್ನೊಂದು ಆಶ್ಚರ್ಯ ಕಾದಿತ್ತು. ಮಧ್ಯಾಹ್ನ ಮಂಡಿಯ ಎತ್ತಿನ ಗಾಡಿ ಮನೆಯೆದುರು ಬಂದು ನಿಂತಿತು. ಒಳಗೆ ಹುಲ್ಲು ಹಾಸಿ, ಮೇಲೆ ಖಾಲಿ ಗೋಣಿಚೀಲಗಳನ್ನು ಮೆತ್ತಗೆ ಒಟ್ಟಿದ್ದರು. ಗಾಡಿಯವನ ಪಕ್ಕದಲ್ಲಿ ತಾತ, ಕರಿ ಕೋಟಿನಲ್ಲೇ. ಈ ಹುಡುಗ ಆಟ ನೋಡದೆ ಮನೆಯಲ್ಲಿ ಕೂತರೆ ಕಾಲು ಬೇಗ ವಾಸಿಯಾಗುವುದಿಲ್ಲ ಎಂದು ಅಜ್ಜಿಗೆ ಸಮಜಾಯಿಷಿ ಹೇಳಿದರು. ಅಜ್ಜಿ ಕಾರಣ ಕೇಳಿಯೇ ಇರಲಿಲ್ಲ. ನಾನೂ ಹತ್ತಿಕೊಂಡೆ. ಮೈದಾನದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಎತ್ತು ಬಿಚ್ಚಿದರು. ತಾತ ಹುಟ್ಟಿದ ಮೇಲೆ ನೋಡಿದ ಮೊದಲ ಆಟ ಅದು. ನಮ್ಮವರು ಯಾವ ಕಡೆ, ಕೈಯಲ್ಲೇಕೆ ಮುಟ್ಟುವುದಿಲ್ಲ, ಆ ಖಾದರ್ ಮಾತ್ರ ಯಾಕೆ ಮುಟ್ಟುತ್ತಾನೆ ಎಂದು ಕೇಳುತ್ತಿದ್ದರು. ಮುನಿಯಣ್ಣ ಒಂದೊಂದಕ್ಕೂ 'ಅಯ್ಯಾ' ಎಂದು ಬಿಡಿಸಿ ಹೇಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ತಾತ ಪ್ರಶ್ನೆ ನಿಲ್ಲಿಸಿದರು. ಬೂಟುಗಾಲುಗಳ ನಡುವೆ ಚಿಕ್ಕಪ್ಪ ಬೀಳುತ್ತಿದ್ದ, ಏಳುತ್ತಿದ್ದ, ಮತ್ತೆ ಓಡುತ್ತಿದ್ದ. ಅವನು ಬಿದ್ದಾಗಲೆಲ್ಲ ತಾತನ ಕೈ ಗಾಡಿಯ ಅಡ್ಡಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ನಮ್ಮವರು ಒಂದು ಗೋಲಿನಿಂದ ಸೋತರು. ಮುನಿಯಣ್ಣ ಮುಖದ ಮೇಲೆ ಟವಲು ಎಳೆದುಕೊಂಡ. ಮೈದಾನದ ನಡುವೆ ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಆಮೇಲೆ ಗೆದ್ದ ಕ್ಯಾಪ್ಟನ್ನಿನ ಬಳಿಗೆ ನಡೆದು ಕೈ ಚಾಚಿದ. ಮನೆಗೆ ಬಂದ ಮೇಲೆ ತಾತ ಅಜ್ಜಿಗೆ, "ಸೋತೋನೇ ಮೊದಲು ಹೋಗಿ ಕೈ ಕೊಟ್ಟ ಕಣೆ. ನಮ್ಮ ಪೇಟೇಲಿ ಅಂಥೋರನ್ನ ನಾನು ಕಂಡಿಲ್ಲ" ಎಂದರು. ಅವತ್ತು ಹುಡುಗರು ಊಟಕ್ಕೆ ಕೂತದ್ದು ನಡುಮನೆಯಲ್ಲಿ. ಹಿದಕಿದ ಅವರೆಬೇಳೆ ಸಾರು, ಅಕ್ಕಿ ರೊಟ್ಟಿ. ತಾತನೇ ತುಪ್ಪ ಬಡಿಸಿದರು. ಬಡಿಸುತ್ತ ಬಡಿಸುತ್ತ, ಇಷ್ಟವಿದ್ದರೆ ಇನ್ನೊಂದು ವರ್ಷ ಆಡು ಎಂದು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಎಲೆ ನೋಡುತ್ತ, "ಬೇಡ ಅಪ್ಪಾಜಿ, ಸಾಕು" ಎಂದ. ಬೇಸಿಗೆಯಲ್ಲಿ ಪರೀಕ್ಷೆ ಪಾಸು ಮಾಡಿ, ಮಂಡಿಯಲ್ಲಿ ಕೂತ.

ಮುನಿಯಣ್ಣನ ಕಾಲು ಡಾಕ್ಟರು ಹೆದರಿದಂತೆಯೇ ಗಿಡ್ಡವಾಯಿತು. ಓದು ಮುಗಿಸಿ ಶ್ರೀರಾಂಪುರದಲ್ಲೇ ಮೇಷ್ಟರಾದ. ಸೋಮವಾರ ಸಂಜೆ ತಪ್ಪದೆ ಬಂದು ತಾತನ ಜೊತೆ ಜಗುಲಿಯಲ್ಲಿ ಕೂರುತ್ತಿದ್ದ. ಆ ಜಗುಲಿ, ಆ ಮಾವಿನ ಮರ, ಬಾವಿ ಯಾವುದೂ ಈಗಿಲ್ಲ. ಅಲ್ಲಿ ಬಟ್ಟೆಯ ಗೋದಾಮು ಎದ್ದಿದೆ. ಚಿಕ್ಕಪ್ಪ ಹೋದ, ಖಾದರ್ ಹೋದ, ಮುನಿಯಣ್ಣನೂ ಹೋದ. ಅವರ ಓಟವನ್ನು ಕಂಡ ಕಣ್ಣುಗಳಲ್ಲಿ ಉಳಿದಿರುವುದು ನನ್ನವೇ ಇರಬೇಕು.

ತಾತ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮವರ ಪದ್ಧತಿಯಂತೆ ಹೆಗಲ ಮೇಲೆ ಹೊರುವ, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಅವರನ್ನು ಕೂರಿಸಿದ್ದರು. ಟೀಮಿನವರೆಲ್ಲ ಎಲ್ಲೆಲ್ಲಿಂದಲೋ ಬಂದು ಗೇಟಿನ ಬಳಿ ನಿಂತಿದ್ದರು. ವಿಮಾನ ಎತ್ತುವ ಹೊತ್ತಿಗೆ ಮುನಿಯಣ್ಣ ಮುಂದೆ ಬಂದ. ಬಂಧುಗಳಲ್ಲಿ ಗುಸುಗುಸು ಎದ್ದಿತು. ಕೆಲವರಿಗೆ ಅವನು ಯಾರ ಮಗನೆಂಬ ಚಿಂತೆ, ಕೆಲವರಿಗೆ ಅವನ ಕಾಲಿನ ಚಿಂತೆ. ವಿಮಾನ ವಾಲಿದರೆ ಏನು ಗತಿ ಎಂದರು. ಚಿಕ್ಕಪ್ಪ ಮುಂಭಾಗದಲ್ಲಿ ತನ್ನ ಪಕ್ಕದ ಜಾಗ ಬಿಟ್ಟು ನಿಂತ. ಮುನಿಯಣ್ಣ ಹೆಗಲು ಕೊಟ್ಟ.

ಮೊದಲ ಹೆಜ್ಜೆಗೇ ವಿಮಾನ ಅವನ ಕಡೆ ತುಸು ಬಾಗಿತು. ಚಿಕ್ಕಪ್ಪ ಮೊಣಕಾಲು ಮಡಿಸಿ ತನ್ನ ಹೆಗಲನ್ನು ಅಷ್ಟೇ ತಗ್ಗಿಸಿಕೊಂಡ. ಹಿಂದಿದ್ದವರೂ ತಗ್ಗಿದರು. ಓಲಗದವರು ನಡಿಗೆ ನಿಧಾನ ಮಾಡಿದರು, ಜನ ನಿಧಾನ ಮಾಡಿದರು. ಗೇಟು ಹಿಡಿದು ನಿಂತ ನನ್ನ ಪಕ್ಕದಲ್ಲಿ ಅಜ್ಜಿ ಅಳು ನಿಲ್ಲಿಸಿ ನೋಡುತ್ತಿದ್ದರು. ಇಡೀ ಮೆರವಣಿಗೆ ಮುನಿಯಣ್ಣನ ನಡಿಗೆಯಲ್ಲೇ, ಒಂದು ಚೂರೂ ಅವಸರವಿಲ್ಲದೆ, ನಮ್ಮ ಬೀದಿಯ ತಿರುವು ದಾಟಿ ಹೋಯಿತು.