ತೊಗರಿ ಕೆಂಪಾದ ಮಧ್ಯಾಹ್ನ

ಇವತ್ತ ಮುಂಜಾನಿ ಒಂದು ಹಳೀ ಕಂಪ್ಯೂಟರ್ ಬಿಚ್ಚಿದೆ ನೋಡ್ರಿ, ಕಾದ ಧೂಳಿನ ವಾಸನಿ ಮೂಗಿಗೆ ಬಡೀತು. ಹಂಚಿನ ಮ್ಯಾಲ ಜೋಳದ ಹಿಟ್ಟು ಸುಟ್ಟಂಗ. ಮಷೀನು ಕಾದ ವಾಸನಿ ಬಂದ್ರ ಈಗೂ ನನ್ನ ಕೈ ತಾನಾಗೇ ಫೋನ್ ಹುಡಕ್ತದ.

ಕೆಲವು ವರ್ಷದ ಹಿಂದ, ಬರಗಾಲದಾಗ, ನಮ್ಮವು ಮೂರು ಕಂಪ್ಯೂಟರ್ ಕ್ಲಾಸ್ ಇದ್ವು. ಉಮರ್ಗಾದಾಗ ನಾ, ನಿಲಂಗಾದಾಗ ಅಕ್ಕ, ಉದಗೀರದಾಗ ಕಾಕಾ. ನಾ ಇದನ್ನ ಯಾವ ಕಾಲೇಜಿನಾಗೂ ಕಲ್ತಾಂವಲ್ಲ. ವಿಡಿಯೋ ನೋಡಿ, ಕೆಡಿಸಿ, ಮತ್ತ ಕೆಡಿಸಿ ಕಲ್ತಾಂವ. ಉಮರ್ಗಾದಾಗ ಕುಂತು ಮೂರೂ ಊರಿನ ಮಷೀನು ಕಾಯೋ ಪ್ರೋಗ್ರಾಂ ನಾನೇ ಬರದಿದ್ದೆ. ಯಾವುದರಾಗ ಏನು ನಡದದ, ಯಾವುದು ಎಷ್ಟು ಕಾದದ, ಎಲ್ಲಾ ನನ್ನ ಪಡದೆ ಮ್ಯಾಲ. ಬ್ಯಾಡಾದ ಕೆಲಸ ಇಲ್ಲಿಂದನ ಬಂದ್ ಮಾಡ್ತಿದ್ದೆ. ಕಾಳು ಕೊಂಡು ಮಾರೋ ಅಡತ್ ಅಂಗಡಿ ಮನಿತನ ನಮ್ದು, ಅದಕ್ಕ ಮಷೀನುಗಳಿಗೆ ತೊಗರಿ, ಕಡ್ಲಿ, ಕುಸುಬಿ ಅಂತ ಹೆಸರಿಟ್ಟಿದ್ದೆ. ಅಪ್ಪ ನೋಡಿ, "ಹೊಲದಾಗ ಬರಲಿಲ್ಲ, ನಿನ್ನ ಪಡದೆದಾಗಾದ್ರೂ ಬೆಳಿ ಬಂತಲ್ಲೋ!" ಅಂದಿದ್ದ.

ಉದಗೀರದ ಒಂದು ಕಾಲೇಜು ನಿಲಂಗಾ ಕಡೀ ಹುಡುಗರಿಗಂತ ತನ್ನ ಪ್ರವೇಶ ಪರೀಕ್ಷಾ ಅಕ್ಕನ ಕ್ಲಾಸಿನಾಗ ಇಟ್ಟಿತ್ತು. ಅಕ್ಕನ ಅತ್ತಿ ಮೊದಲೇ ಹೇಳಿಬಿಟ್ಟಿದ್ಲು: "ಮೊದಲೇ ಕ್ಲಾಸಿಗೆ ಹುಡುಗೂರು ಬರವಲ್ರು, ಈ ಪರೀಕ್ಷಾನೂ ಕೆಟ್ಟಿತಂದ್ರ ಮಷೀನು ಮಾರೋದು, ಆ ಖೋಲಿದಾಗ ಹಿಟ್ಟಿನ ಗಿರಣಿ ಹಾಕೋದು." ಗಿರಣಿ ಮ್ಯಾಲ ನನಗೇನು ಸಿಟ್ಟಿಲ್ರಿ, ಬಿಸಿ ಹಿಟ್ಟಿನ ರೊಟ್ಟಿ ನನಗೂ ಸೇರ್ತದ. ಆದ್ರ ಅಕ್ಕನ ಜೀವಾನೇ ಆ ಕ್ಲಾಸಿನಾಗಿತ್ತು.

ಪರೀಕ್ಷಾ ನಡದಿತ್ತು, ಪಡದೆ ಮ್ಯಾಲ ಅಕ್ಕನ ಕ್ಲಾಸಿನ ತೊಗರಿ ಕೆಂಪಾತು. ಅಂದ್ರ ಮಷೀನು ಭಾಳ ಕಾದದ, ಇನ್ನಷ್ಟು ಕಾದ್ರ ತಾನೇ ಬಂದ್ ಬೀಳ್ತದ. ಉತ್ತರ ಎಲ್ಲಾ ಕಡೀಕ ಒಮ್ಮೆಲೆ ಕಾಲೇಜಿಗೆ ಹೋಗೋವು. ನಡುವ ಬಂದ್ ಬಿದ್ರ ಹುಡುಗರ ಪರೀಕ್ಷಾನೂ ಹೋತು, ಅಕ್ಕನ ಕ್ಲಾಸೂ ಹೋತು. ಹಿಂದಿಂದ ಕಡ್ಲಿ, ಕುಸುಬಿ. ವೈರಸ್ ಹುಡುಕೋದು ಬಂದ್ ಮಾಡಿದೆ, ಅಪ್‌ಡೇಟ್ ಬಂದ್ ಮಾಡಿದೆ. ಏನೂ ಇಳೀಲಿಲ್ಲ. ಅಕ್ಕಗ ಫೋನ್ ಹಚ್ಚಿದೆ.

"ಕೂಲರ್ ಹಚ್ಚೀಯಿಲ್ಲ?"

"ಹಚ್ಚೀನೋ. ನೀರೇ ಇಲ್ಲ ಅದರಾಗ. ಬರೇ ಬಿಸಿಗಾಳಿ ಬಡೀಲಾಕತ್ತದ."

"ಎಲ್ಲಿಂದಾರ ಒಂದು ಕೊಡ ತಾ."

"ಏನೋ ಬಾಬಾ, ಟ್ಯಾಂಕರ್ ಬಂದು ಎಷ್ಟ ದಿನಾ ಆತು! ಇಡು ಫೋನ್, ಹುಡುಗೂರು ನೋಡ್ಲಾಕತ್ತಾರ."

ಇಟ್ಲು. ನಾ ಸುಮ್ನ ಕೂಡಾಂವಲ್ಲಲ್ಲ. ಪರೀಕ್ಷಾ ಒಂದು ಬಿಟ್ಟು ಕಂಡಕಂಡದ್ದೆಲ್ಲಾ ಬಂದ್ ಮಾಡ್ತಾ ಹೋದೆ. ಉಗುರು ಕಡದೂ ಮುಗದಿತ್ತು. ಅಷ್ಟ್ರಾಗ ತೊಗರಿ ಅಂಕಿ ಇಳೀತು ನೋಡ್ರಿ! ಆಮ್ಯಾಲ ಕುಸುಬಿ, ಕಡ್ಲಿ. ಒಂದೊಂದೇ ಹಸುರಾದ್ವು. ಯಾರೂ ಇಲ್ಲದ ಖೋಲಿದಾಗ ನನ್ನ ಬೆನ್ನು ನಾನೇ ಚಪ್ಪರಿಸ್ಕೊಂಡೆ.

ಪರೀಕ್ಷಾ ಮುಗದು ಅಕ್ಕನ ಫೋನ್ ಬಂತು. ನಾನೇ ಮೊದಲು ಶುರು ಮಾಡ್ದೆ: "ನೋಡ್ದಿ? ಇಲ್ಲಿಂದನ ಥಂಡ ಮಾಡ್ದೆ!"

"ನೀ ಏನ್ ಥಂಡ ಮಾಡ್ತಿ ಶಾಣ್ಯಾ! ನಮ್ಮ ಮಾತು ಕೇಳಿ ಸಾಸ್ತೂರದ ಒಂದು ಹುಡುಗಿ ಎದ್ದು, ತನ್ನ ಕುಡಿಯೋ ನೀರಿನ ಬಾಟ್ಲಿ ಕೂಲರಿಗೆ ಸುರುವಿದ್ಲು. ಬ್ಯಾಡ ಅಂದೆ. 'ಇರ್ಲಿ ಮ್ಯಾಡಂ, ನಮಗಿಂತ ಮಷೀನಿಗೆ ಜಾಸ್ತಿ ತ್ರಾಸ ಆಗ್ಲಾಕತ್ತದ' ಅಂದ್ಲು. ಹಿಂದಿಂದ ಎಲ್ಲಾರೂ ಸುರುವಿದ್ರು."

"ಮತ್ತ ಅವ್ರು ಕುಡೀಲಾಕ?"

"ಅತ್ತಿ ಬಾಗಲದಾಗ ನಿಂತಾಳ. ದೇವರ ಪೂಜೆಗಂತ ಎತ್ತಿಟ್ಟ ನೀರು ಒಬ್ಬೊಬ್ಬರಿಗೆ ಗುಟುಕು ಗುಟುಕು ಕೊಡ್ಲಾಕತ್ತಾಳ. 'ಗಿರಣಿ ಹಾಕಿದ್ರ ಇಂಥಾ ಹುಡುಗೂರು ಬರ್ತಿದ್ರೇನು' ಅಂತ ನನಗ ಬೈಲಾಕತ್ತಾಳ, ನಾನೇ ಗಿರಣಿ ಕೇಳಿದಂಗ!"

ಅಕ್ಕ ನಕ್ಳು. ನನಗ ನಗು ಬರಲಿಲ್ಲ. ಸಾಸ್ತೂರಕ್ಕ ಹೋಗೋ ಬಸ್ಸು, ಆ ಬಿಸಲು, ಖಾಲಿ ಬಾಟ್ಲಿ. ಇದ್ಯಾವುದೂ ನನ್ನ ಪಡದೆ ಮ್ಯಾಲ ಇದ್ದಿದ್ದಿಲ್ಲ.

ಇವತ್ತ ಆ ಹಳೀ ಮಷೀನಿನ ಧೂಳು ಝಾಡಿಸಿ, ಕಾಕಾಗ ಫೋನ್ ಹಚ್ಚಿದೆ.

"ಏನಾತೋ? ನನ್ನ ಮಷೀನು ಕೆಂಪಾದ್ವೇನು?"

"ಇಲ್ಲ ಕಾಕಾ, ಎಲ್ಲಾ ಹಸುರದಾವ."

"ಮತ್ತ ಯಾಕ ಫೋನ್?"

"ಅಲ್ಲಿ ಕುಂತೋರು ನೀರು ಕುಡದಾರೇನು, ಕೇಳು."

"ತಲಿ ಕೆಟ್ಟದೇನೋ ನಿಂದು!" ಅಂದ. ಅಂದ್ರೂ ಫೋನ್ ಇಡಲಿಲ್ಲ. ಕುರ್ಚಿ ಸರದ ಸಪ್ಪಳ ಕೇಳ್ತು. ಎದ್ದು ಕೇಳ್ಳಾಕ ಹೊಂಟಾನ. ನಾ ಪಡದೆ ಬಿಟ್ಟು ಫೋನಿಗೆ ಕಿವಿ ಹಚ್ಚಿ ಕುಂತೀನಿ.