ಎರಡನೇ ಪುಟದ ಒಂಬತ್ತು ಹೆಸರುಗಳು

ಬಾಗಿಲ ಹಿಡಿಯಾಗಲಿ, ಕಬ್ಬಿಣದ ಕುರ್ಚಿಯಾಗಲಿ, ಬಸ್ಸಿನ ಕಂಬಿಯಾಗಲಿ, ಅವರು ಒಮ್ಮೆಲೇ ಹಿಡಿದದ್ದನ್ನು ನಾನು ನೋಡಿಲ್ಲ. ಮೊದಲು ಬಲಗೈಯ ಬೆನ್ನನ್ನು ಚೂರೇ ಚೂರು ತಾಗಿಸುವರು. ಆ ಗೆಣ್ಣುಗಳ ಮೇಲಿನ ಚರ್ಮ ಒರಟಾಗಿ, ಮಿಕ್ಕ ಕೈಗಿಂತ ಕಪ್ಪಾಗಿತ್ತು. ಏನೂ ಆಗಲಿಲ್ಲವೆಂದು ಖಾತರಿಯಾದ ಮೇಲೆ ಅಂಗೈ ಮುಂದಾಗುತ್ತಿತ್ತು. ನಮ್ಮ ಆಫೀಸಿಗೆ ಬಂದ ಮೊದಲ ದಿನ ಕಂಪ್ಯೂಟರಿನ ಮೌಸನ್ನೂ ಹಾಗೆಯೇ ಮುಟ್ಟಿದರು.

"ಪ್ಲಾಸ್ಟಿಕ್ಕು ಸಾರ್, ಶಾಕ್ ಹೊಡೆಯಲ್ಲ" ಎಂದು ನಾನು ನಕ್ಕೆ.

"ಒಡಿಯೋವರ್ಗೂ ಯಾವ್ದೂ ಒಡಿಯಲ್ಲ ಕಣಮ್ಮ. ಅಂಗೈಲಿ ಇಡುದ್ರೆ ಬೆಳ್ಳು ಬಿಗ್ದು ಅಲ್ಲೇ ಕಚ್ಕತದೆ. ಕೈ ಬೆನ್ನಾದ್ರೆ ತಾನೇ ಈಚೆಗ್ ಬತ್ತದೆ" ಎಂದರು. ಅವರು ನಗಲಿಲ್ಲ.

ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿ ಇಡೀ ಸರ್ವೀಸು ಮುಗಿಸಿದವರು. ಅಲ್ಲಿನ ಬ್ಲಫ್ ಎಂಬ ಕಾಲೊನಿಯ ಕ್ವಾರ್ಟರ್ಸ್ ಬಿಟ್ಟು ಮಂಡ್ಯಕ್ಕೆ ಬಂದು ಮಗಳ ಮನೆಯಲ್ಲಿದ್ದರು. ಸುಮ್ಮನೆ ಕೂರಲಾಗದೆ, ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಒಂದು ಸಣ್ಣ ಟ್ರಸ್ಟಿನ ಕಚೇರಿ ನೋಡಿಕೊಳ್ಳುತ್ತಿದ್ದರು. ಅಲ್ಲಿಯೂ ಎಲ್ಲರಿಗೂ ಅವರು 'ಆಪರೇಟರು'. ನನಗೂ ಅಷ್ಟೇ.

ನಾನು ಮದ್ದೂರಿನವಳು. ದಿನಾ ಬೆಳಿಗ್ಗೆ ರೈಲಿನಲ್ಲಿ ಮಂಡ್ಯಕ್ಕೆ ಬಂದು, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ವೆಬ್‌ಸೈಟು ಮಾಡಿಕೊಡುವ ಕೆಲಸ ನಡೆಸುತ್ತೇನೆ. ಆ ಟ್ರಸ್ಟಿನ ವೆಬ್‌ಸೈಟು ನಮಗೆ ಸಿಕ್ಕಿತ್ತು. ಅರ್ಜಿ ಹಾಕುವುದು, ಆಯ್ಕೆಯಾದ ಹುಡುಗಿಯರ ಪಟ್ಟಿ ನೋಡುವುದು, ಇಷ್ಟೇ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಟ್ರಸ್ಟಿನವರು ಕಳಿಸಿದ್ದು ಇವರನ್ನು.

ಎರಡು ವಾರದಲ್ಲಿ ನನಗೆ ಸಾಕುಬೇಕಾಯಿತು. "ಆಗಿದೆ ಸಾರ್" ಎಂದರೆ "ಏಳ್ಬೇಡ, ತೋರ್ಸು" ಎನ್ನುವರು. ತೋರಿಸಿದರೆ "ಇನ್ನೊಂದ್ ಸಲ" ಎನ್ನುವರು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನು ಕೇಳುವ ಜಾತಿ. ಟೀ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಕುಡಿದವರಲ್ಲ. ತಮ್ಮ ಅಧ್ಯಕ್ಷರ ರುಜುವನ್ನೂ ಹಳೆಯ ಕಾಗದದ ರುಜುವಿನ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ಅವರು ನನ್ನನ್ನು ನಂಬುತ್ತಿಲ್ಲ ಎಂದು ನನಗೆ ಸಿಟ್ಟು. ನನಗೂ ಅವರ ಮೇಲೆ ಒಂದು ಗುಮಾನಿ ಇತ್ತೆನ್ನಿ. ಬೇರೆ ಯಾರಿಗೋ ಈ ಕೆಲಸ ಕೊಡಿಸಲು ತಪ್ಪು ಹುಡುಕುತ್ತಿದ್ದಾರೇನೋ ಅಂದುಕೊಂಡಿದ್ದೆ.

ಅವರಿಗೆ ಊರಿಗೆ ಹೋಗುವ ತುರ್ತು ಬಂದ ವಾರದಲ್ಲೇ ಆಯ್ಕೆ ಪಟ್ಟಿ ಹಾಕಬೇಕಾಗಿ ಬಂತು. ಅಧ್ಯಕ್ಷರು ಅವಸರ ಮಾಡಿದರು. ನಾನು ಮೊದಲ ಪುಟ ತೆರೆದು ನೋಡಿ, ಚೆನ್ನಾಗಿ ಕಾಣುತ್ತಿದೆ ಎಂದು ಹಾಕಿಬಿಟ್ಟೆ.

ಮಾರನೆಯ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಜನ ನಿಂತಿದ್ದರು. ಮಳವಳ್ಳಿ ಕಡೆಯ ಮೂರು ಹುಡುಗಿಯರ ಮನೆಯವರು, ಹತ್ತು ಹನ್ನೆರಡು ಮಂದಿ. ಮುಂದೆ ನಿಂತಿದ್ದ ತಂದೆಯೊಬ್ಬರು ಮೊಬೈಲನ್ನು ನನ್ನ ಮುಖದ ಹತ್ತಿರಕ್ಕೆ ಹಿಡಿದರು.

"ಮಳವಳ್ಳಿ ಅಂತ ಒತ್ತಿ, ಮುಂದಿನ ಪುಟ ಅಂತ ಒತ್ತುದ್ರೆ ಬರೀ ಮದ್ದೂರಿನವ್ರ ಎಸ್ರೇ ಬತ್ತವಲ್ಲವ್ವ. ನಮ್ಮ ಎಣ್ಮಕ್ಳು ಎಲ್ಲೋದ್ರು?"

ನೋಡಿದೆ. ನಿಜ. ಎರಡನೇ ಪುಟದ ತುಂಬ ಮದ್ದೂರು ತಾಲ್ಲೂಕಿನ ಹೆಸರುಗಳು.

"ನಿಮ್ಮೂರ್ ಯಾವ್ದು?" ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು.

"ಮದ್ದೂರು" ಎಂದೆ. ಅಂದ ಮೇಲೆ ನನಗೆ ಇನ್ನೊಂದು ನೆನಪಾಯಿತು. ಅದೇ ಪುಟದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಹೆಸರೂ ಇತ್ತು. ಅವಳು ತನ್ನ ಅಂಕದಿಂದ ಆಯ್ಕೆಯಾದವಳು. ಆದರೆ ಅದನ್ನು ಈಗ ಯಾರು ಕೇಳುತ್ತಾರೆ?

ಸುದ್ದಿ ತಿಳಿದು ಆಪರೇಟರು ಮೊದಲ ಬಸ್ಸಿಗೇ ಬಂದಿದ್ದರು. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಎಲ್ಲರನ್ನೂ ಒಳಗೆ ಕೂರಿಸಿದರು. ನಾನು ಕೀಬೋರ್ಡಿಗೆ ಕೈ ಹಾಕಿದ್ದೆ. ಎಲ್ಲೋ ಲಿಂಕು ತಪ್ಪಿದೆ, ಬೇಗ ಸರಿಮಾಡಿಬಿಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ನನ್ನ ಲೆಕ್ಕ.

"ಮುಟ್ಬೇಡ!" ಎಂದರು. "ಈಗ ನೀನ್ ಕೈಯಿಕ್ಕುದ್ರೆ, ಸರಿ ಮಾಡುದ್ರೂ ಕೆಡಿಸ್ದಂಗೇ."

ಆಮೇಲೆ ಅಷ್ಟೂ ಜನರ ಮುಂದೆ ನನ್ನನ್ನು ನೇರವಾಗಿ ಕೇಳಿದರು: "ಈ ಎಸ್ರು ನೀನ್ ತೆಗ್ದ್ಯಾ?"

ಕಣ್ಣು ತುಂಬಿಬಂತು. "ನೀವೂ ಹೀಗೆ ಕೇಳ್ತೀರಾ ಸಾರ್?"

"ಕೇಳ್ತಾ ಇವ್ನಿ. ತೆಗ್ದ್ಯಾ, ಇಲ್ವಾ?"

"ಇಲ್ಲ."

"ನಿಮ್ಮ ದೊಡ್ಡಪ್ಪನ ಮನೆ ಮಗೀನ ಎಸ್ರು ಇಲ್ಲೇ ಅದೆ ಅಲ್ವಾ?"

ಅದು ಅವರಿಗೆ ಹೇಗೆ ಗೊತ್ತಿತ್ತೋ. ಅರ್ಜಿ ಬಂದ ದಿನವೇ ವಿಚಾರಿಸಿಕೊಂಡಿದ್ದರಂತೆ. "ಇದೆ ಸಾರ್" ಎಂದೆ. ಜನರಲ್ಲಿ ಗುಜುಗುಜು ಎದ್ದಿತು. ಅವತ್ತು ನನಗಾದ ಅವಮಾನ ಈಗಲೂ ಕಿವಿಯಲ್ಲಿ ಬಿಸಿಯಾಗಿದೆ.

ಅವರು ಆ ತಂದೆಯನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದರು. "ನೀವೇ ಒತ್ತಿ. ನಿಧಾನ್ಕೆ." ತಾವು ಪಕ್ಕದಲ್ಲಿ ನಿಂತು, ಪರದೆಯ ಮೇಲ್ಗಡೆ ಕಾಣುವ ವಿಳಾಸವನ್ನು ಪ್ರತಿ ಸಲವೂ ಒಂದು ಹಾಳೆಯಲ್ಲಿ ಅಕ್ಷರಕ್ಕೆ ಅಕ್ಷರ ಬರೆದುಕೊಂಡರು. ಇಂಗ್ಲಿಷ್ ಅಕ್ಷರಗಳನ್ನು ಅವರು ಬಿಡಿಸಿ ಬಿಡಿಸಿ ದೊಡ್ಡದಾಗಿ ಬರೆಯುತ್ತಿದ್ದರು. ಮಳವಳ್ಳಿ ಆರಿಸಿದಾಗ ಒಂದು ಸಾಲು. ಮುಂದಿನ ಪುಟ ಒತ್ತಿದಾಗ ಇನ್ನೊಂದು ಸಾಲು. ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದರು.

"ಇಲ್ಲಿ ಮಳವಳ್ಳಿ ಅಂತ ಇತ್ತು. ಇಲ್ಲಿ ಇಲ್ಲ. ಒತ್ತುದ್ಮೇಲೆ ಎಲ್ಲೋಯ್ತು?"

ನನಗೆ ಆ ಕ್ಷಣದಲ್ಲಿ ತಪ್ಪು ಕಂಡಿತು. ನಾವು ಬಳಸುವ ಎಂವಿಸಿ ಎಂಬ ಕ್ರಮದಲ್ಲಿ ಮಾಹಿತಿ ಒಂದು ಕಡೆ, ಕಾಣುವ ಪುಟ ಒಂದು ಕಡೆ, ಯಾವ ಮಾಹಿತಿಯನ್ನು ಯಾವ ಪುಟಕ್ಕೆ ಕೊಡಬೇಕೆಂದು ನಡುವೆ ನಿಂತು ನೋಡುವ ಕಂಟ್ರೋಲರ್ ಒಂದು ಕಡೆ ಇರುತ್ತದೆ. ಲಿಂಕು ಏನು ಹೇಳುತ್ತದೋ ಕಂಟ್ರೋಲರಿಗೆ ಅಷ್ಟೇ ಗೊತ್ತು. ನನ್ನ 'ಮುಂದಿನ ಪುಟ' ಲಿಂಕು 'ಎರಡನೇ ಪುಟ ಕೊಡು' ಎಂದು ಮಾತ್ರ ಹೇಳುತ್ತಿತ್ತು. 'ಮಳವಳ್ಳಿಯದು' ಎನ್ನುವುದನ್ನು ಅದಕ್ಕೆ ಸೇರಿಸಲು ನಾನು ಮರೆತಿದ್ದೆ. ಹಾಗಾಗಿ ಮೂರೂ ತಾಲ್ಲೂಕು ಸೇರಿದ ದೊಡ್ಡ ಪಟ್ಟಿಯ ಎರಡನೇ ಪುಟ ಬರುತ್ತಿತ್ತು. ಅದರಲ್ಲಿ ಮೊದಲು ಮಂಡ್ಯ, ಆಮೇಲೆ ಮದ್ದೂರು, ಕೊನೆಗೆ ಮಳವಳ್ಳಿ. ಪುಟಕ್ಕೆ ಇಪ್ಪತ್ತೈದು ಹೆಸರು. ಮಳವಳ್ಳಿಯ ಮೂವತ್ತನಾಲ್ಕು ಹುಡುಗಿಯರಲ್ಲಿ ಕೊನೆಯ ಒಂಬತ್ತು ಮಂದಿ ಮನೆಯವರ ಕಣ್ಣಿಗೆ ಬೀಳದೇ ಹೋಗಿದ್ದರು.

"ತಪ್ಪು ನಂದೇ" ಎಂದೆ, ಎಲ್ಲರಿಗೂ ಕೇಳುವಂತೆ. "ಹೆಸರು ತೆಗೆದಿಲ್ಲ. ದಾರಿ ತಪ್ಪಿಸಿದ್ದೀನಿ."

"ಈಗ ಸರಿ ಮಾಡು. ಅವ್ರು ನೋಡ್ಲಿ."

ಒಂದು ಸಾಲು ಬದಲಾಯಿಸಿ, ತಾಲ್ಲೂಕಿನ ಹೆಸರನ್ನು ವಿಳಾಸದೊಳಗೇ ಸೇರಿಸಿದೆ. ಒಂಬತ್ತು ಹೆಸರೂ ಬಂದವು. ಆ ಹೆಂಗಸು "ಅಗೋ, ನಮ್ ಮಗೀನ್ ಎಸ್ರು" ಎಂದು ಪರದೆ ಮುಟ್ಟಿದಳು. ನಾನು ಉಸಿರು ಬಿಟ್ಟೆ. ಆಪರೇಟರು ಬಿಡಲಿಲ್ಲ. "ಇಂದಕ್ಕೋಗು" ಎಂದರು. ಹಿಂದಿನ ಪುಟ ಒತ್ತಿದರೆ 'ಪುಟ ಸಿಗಲಿಲ್ಲ' ಎಂದು ಬಂತು. ಯಾವ ವಿಳಾಸ ಎಲ್ಲಿಗೆ ಹೋಗಬೇಕು ಎಂಬ ನಿಯಮಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನದು ಹಿಡಿದುಕೊಂಡರೆ ಕೆಳಗಿನದಕ್ಕೆ ಸರದಿಯೇ ಬರುವುದಿಲ್ಲ. ಮೊದಲ ಪುಟದ ವಿಳಾಸದಲ್ಲಿ ಸಂಖ್ಯೆ ಇರಲಿಲ್ಲವಾದ್ದರಿಂದ, ಮೇಲಿದ್ದ ನನ್ನ ಹಳೆಯ ನಿಯಮ 'ಮಳವಳ್ಳಿ' ಎಂಬುದನ್ನು ಪುಟದ ಸಂಖ್ಯೆ ಎಂದುಕೊಂಡು ಹುಡುಕುತ್ತಿತ್ತು. ಅದನ್ನೂ ಸರಿಮಾಡಿದೆ. ಹಿಂದಕ್ಕೆ, ಮುಂದಕ್ಕೆ, ಕೊನೆಗೆ, ಮೂರೂ ತಾಲ್ಲೂಕಿನಲ್ಲಿ, ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೆ ಅವರು ಒತ್ತಿಸಿದರು.

"ನಾವ್ ಬಂದು ಗಲಾಟೆ ಮಾಡುದ್ಮೇಲೆ ಸೇರಿಸ್ಕಂಡ್ರಿ" ಎಂದರು ಆ ತಂದೆ, ಆಗಲೂ. ಆಪರೇಟರು ಕೋಪಿಸಿಕೊಳ್ಳಲಿಲ್ಲ. ಟ್ರಸ್ಟಿನ ಕಚೇರಿಯಿಂದ ಆಯ್ಕೆ ಸಭೆಯ ಪುಸ್ತಕ ತರಿಸಿ, ಹಿಂದಿನ ವಾರದ ರುಜುಗಳ ಮೇಲೆ ಅದೇ ಒಂಬತ್ತು ಹೆಸರು ಇರುವುದನ್ನು ತೋರಿಸಿದರು. ಆ ಮನುಷ್ಯ ಎರಡು ಸಲ ಓದಿ, ಪುಸ್ತಕ ಮುಚ್ಚಿ, ನನ್ನ ಕಡೆ ನೋಡದೆ ಕೆಳಗಿಳಿದು ಹೋದರು.

ನನಗೆ ಮುಗಿಯಿತು ಅನ್ನಿಸಿತ್ತು. ಆಪರೇಟರು ಬೆರಳು ಮಡಿಸುತ್ತಾ ನಿಂತಿದ್ದರು.

"ಬಂದೋರು ಮೂರ್ ಮನೆಯೋರು. ಮಿಕ್ಕ ಆರು?"

"ವೆಬ್‌ಸೈಟಲ್ಲಿ ಈಗ ಸರಿಯಿದೆಯಲ್ಲ ಸಾರ್, ನೋಡ್ಕೋತಾರೆ."

"ಇಲ್ಲ ಅಂತ ಒಂದ್ ಸಲ ನೋಡ್ದೋರು ಇನ್ನೊಂದ್ ಸಲ ಯಾಕ್ ನೋಡ್ತಾರೆ? ನೀನಾಗಿದ್ರೆ ನೋಡ್ತಿದ್ದ್ಯಾ?"

ನಾಲ್ಕು ಮನೆಗೆ ಫೋನು ಸಿಕ್ಕಿತು. ಎರಡು ಮನೆಗೆ ಸಿಗಲಿಲ್ಲ. ಮಾರನೆಯ ದಿನ ಇಬ್ಬರೂ ಮಳವಳ್ಳಿ ಬಸ್ಸು ಹತ್ತಿದೆವು. ಮೊದಲ ಮನೆಯಲ್ಲಿ ಅಜ್ಜಿ ಸಿಕ್ಕಿ, ವಿಷಯ ಕೇಳಿ ಖುಷಿಯಾದಳು. ಎರಡನೆಯದು ಶಿವನಸಮುದ್ರದ ಹತ್ತಿರದ ಒಂದು ಹಳ್ಳಿ. ಹುಡುಗಿ ಜಗಲಿಯಲ್ಲಿ ಕೂತು ಹೊಸ ಊಟದ ಡಬ್ಬಿಗೆ ಅಂಟಿಸಿದ್ದ ಚೀಟಿ ಕೀಳುತ್ತಿದ್ದಳು. ಸೋಮವಾರದಿಂದ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಅವತ್ತು ಇಲ್ಲ ಅಂದೋರೂ ನೀವೇ, ಇವತ್ತು ಅದೆ ಅನ್ನೋರೂ ನೀವೇ. ಎಣ್ಮಗೀನ ಎಲ್ಲಿಗ್ ಕರ್ಕಂಡೋಗಕ್ಕೆ ಬಂದಿದ್ದೀರಿ?"

ಆಪರೇಟರ ಮುಖ ಅರಳಿದ್ದನ್ನು ನಾನು ಕಂಡದ್ದು ಅವತ್ತೇ. "ಸರ್ಯಾಗ್ ಕೇಳುದ್ರಿ ಕಣವ್ವ. ನಮ್ಮನ್ನ ನಂಬ್ಬೇಡಿ. ಮಗೀನ್ ಕೈಲೇ ನೋಡಿಸ್ಕಳಿ."

ಹುಡುಗಿ ತನ್ನ ಮೊಬೈಲು ತೆಗೆದಳು. ಮಳವಳ್ಳಿ. ಮುಂದಿನ ಪುಟ. ಮೇಲಿನಿಂದ ಆರನೆಯ ಸಾಲಿನಲ್ಲಿ ಅವಳ ಹೆಸರು. ಹಿಂದಿನ ಪುಟಕ್ಕೆ ಹೋದಳು, ಮತ್ತೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಪ್ರತಿ ಸಲವೂ ಹೆಸರು ಅಲ್ಲೇ ಇತ್ತು. ತಾಯಿ ಅಷ್ಟಕ್ಕೂ ಒಪ್ಪದೆ ಹಾಸ್ಟೆಲಿನ ವಾರ್ಡನ್ನಿಗೆ ಫೋನು ಮಾಡಿ, ಅವರ ಬಾಯಿಂದ ಕೇಳಿ, ಆಮೇಲೆ ನಮ್ಮನ್ನು ಒಳಗೆ ಕರೆದಳು. ಸೋಮವಾರ ಆ ಹುಡುಗಿ ಹಾಸ್ಟೆಲಿಗೆಂದು ಮಂಡ್ಯದ ಬಸ್ಸು ಹತ್ತಿದಳು.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ. "ಸಾರ್, ನಾನೇ ಹೆಸರು ತೆಗೆದಿದ್ದೀನಿ ಅಂತ ನಿಜವಾಗಿ ಅಂದ್ಕೊಂಡಿದ್ರಾ?"

"ಮೆಟ್ಲು ಅತ್ತೋವಾಗ ಒಂಚೂರು ಇತ್ತು. ನಿನ್ ಮಕ ನೋಡುದ್ಮೇಲೆ ಇರ್ನಿಲ್ಲ."

"ಮತ್ತೆ ಅಷ್ಟು ಜನರ ಮುಂದೆ ಯಾಕೆ ಕೇಳಿದ್ರಿ?"

"ನನ್ ಒಬ್ಬನಿಗ್ ಗೊತ್ತಾದ್ರೆ ನಿಂಗೇನ್ ಬಂತು? ನಾನ್ ಕೇಳ್ದೆ ಬುಟ್ಟಿದ್ರೆ ಅವ್ರು ಮನೇಗೋಗಿ ಕೇಳ್ಕತಿದ್ರು. ಅಲ್ಲಿ ಉತ್ರ ಏಳಕ್ಕೆ ನೀನ್ ಇರ್ತಿದ್ದ್ಯಾ?"

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವರ ಮೇಲಿದ್ದ ಸಿಟ್ಟು ಆ ದಾರಿಯಲ್ಲಿ ಎಲ್ಲಿ ಇಳಿದುಹೋಯಿತೋ ತಿಳಿಯದು. ಅಂದಿನಿಂದ ಯಾವ ಪಟ್ಟಿ ಮಾಡಿದರೂ ಕೊನೆಯ ಪುಟದ ಕೊನೆಯ ಹೆಸರಿನವರೆಗೆ ಒತ್ತಿ ನೋಡದೆ ನಾನು ಕೈ ತೊಳೆದುಕೊಂಡಿಲ್ಲ. ಆ ಕಸುಬು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಹೋದ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಮಂಡ್ಯದ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದಾಗ ನರ್ಸು ಕೊಟ್ಟ ಮಾತ್ರೆಯ ಹೆಸರನ್ನು ಕೇಸ್ ಶೀಟಿನ ಜೊತೆ ಹೋಲಿಸಿ ನೋಡು ಎಂದು ಮಗಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಆ ವರ್ಷದ ಹಾಸ್ಟೆಲ್ ಪಟ್ಟಿ ಅವತ್ತೇ ಬೆಳಿಗ್ಗೆ ಹೊರಬಿದ್ದಿತ್ತು.

"ಪಟ್ಟಿ ಬಂತಾ?"

"ಬಂತು ಸಾರ್. ಎಲ್ಲ ಸರಿಯಾಗಿದೆ."

"ಆಕುದ್ಮೇಲೆ ನೋಡ್ದ್ಯಾ, ಆಕೋ ಮುಂಚೆ ನೋಡ್ದ್ಯಾ?"

"ಮುಂಚೆ ಸಾರ್." ಹಾಕಿದ ಮೇಲೆ ಆಸ್ಪತ್ರೆಗೆ ಹೊರಡುವ ಅವಸರ.

"ಓಗು, ನೋಡ್ಕಂಡ್ ಬಾ."

ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಮೊಬೈಲಿನಲ್ಲಿ ಮೂರೂ ತಾಲ್ಲೂಕಿನ ಎಲ್ಲ ಪುಟಗಳನ್ನೂ ಮುಂದಕ್ಕೂ ಹಿಂದಕ್ಕೂ ಒತ್ತಿ ನೋಡಿದೆ. ಯಾವುದೂ ತಪ್ಪಿರಲಿಲ್ಲ. ಮೆಟ್ಟಿಲು ಹತ್ತಿ ಬಂದಾಗ ಅವರು ಕಣ್ಣು ಮುಚ್ಚಿದ್ದರು. "ಈಗ್ ತಾನೆ ನಿದ್ದೆ ಬಂತು, ಎಬ್ಬಿಸ್ಲಾ?" ಎಂದು ಮಗಳು ಕೇಳಿದರು. ಬೇಡ ಅಂದೆ. ಒಂದು ಗಂಟೆ ಕಾದು, ಮದ್ದೂರಿನ ರೈಲಿಗೆ ಹೊತ್ತಾಯಿತೆಂದು ಎದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ.

ಬೆಳಿಗ್ಗೆ ಮಗಳ ಫೋನು ಬಂತು. ಅವರು ಮತ್ತೆ ಎಚ್ಚರಗೊಳ್ಳಲಿಲ್ಲವಂತೆ. ನೋಡಿಕೊಂಡು ಬಂದೆ ಸಾರ್, ಕೊನೆಯ ಪುಟದವರೆಗೂ ಎಲ್ಲರೂ ಇದ್ದಾರೆ ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು.