ಗೋಡೆಯಿಲ್ಲದ ಎಂಟನೇ ಕ್ಲಾಸು

ಕುಣಿಗಲ್ಲಿನಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ನಮ್ಮ ಹೆಣ್ಣುಮಕ್ಕಳ ಶಾಲೆ ಏಳನೇ ಕ್ಲಾಸಿಗೆ ಮುಗಿದುಹೋಗುತ್ತಿತ್ತು. ಎಂಟನೆಯದೂ ಇತ್ತು, ಆದರೆ ಬರೀ ಪಾಯದಲ್ಲಿ. ಊರಿನವರು ಕೈಲಾದಷ್ಟು ಕೊಟ್ಟಿದ್ದರಲ್ಲಿ ಕಲ್ಲಿನ ಪಾಯ ಹಾಕಿಸಿ, ನೆಲದಿಂದ ಮೊಳದೆತ್ತರ ಎಬ್ಬಿಸಿ, ಅಲ್ಲಿಗೆ ಕೈಬಿಟ್ಟಿದ್ದರು. ಉಳಿದದ್ದನ್ನು ಹೊರದೇಶದ ಒಂದು ಕ್ರೈಸ್ತ ಸಂಸ್ಥೆಯವರು ಕಟ್ಟಿಸಿಕೊಡುತ್ತಾರೆ, ಬಡ ದೇಶಗಳಲ್ಲಿ ಶಾಲೆಯ ಕೊಠಡಿ ಕಟ್ಟಿಸುವುದೇ ಅವರ ಸೇವೆ ಎಂದು ಹೆಡ್ ಸಿಸ್ಟರ್ ಹೇಳುತ್ತಿದ್ದರು. ತೊಂಬತ್ತರ ದಶಕದ ಮಾತಿದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೇಳಿದ ಈ ಮಾತು ಏಳಕ್ಕೆ ಬಂದರೂ ಹಾಗೇ ಇತ್ತು.

ಆ ಪಾಯದೊಳಗೆ ನಾವು ಎಂಟನೇ ಕ್ಲಾಸಿನ ಆಟ ಆಡುತ್ತಿದ್ದೆವು. ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ಒಳಗೆ ಹೋಗಬೇಕು. ಕಲ್ಲು ದಾಟಿ ಬಂದವಳನ್ನು ಗೋಡೆ ಒಡೆದು ಬಂದಳೆಂದು ಆಚೆ ಹಾಕುತ್ತಿದ್ದೆವು. ಊಟದ ಡಬ್ಬಿ ಕೊಡಲು ಬರುತ್ತಿದ್ದ ತಾಯಂದಿರೂ ಸುತ್ತು ಹಾಕಿ ಬಾಗಿಲ ಕಡೆಯಿಂದಲೇ ಬರುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು. ಮೇಕೆಗಳಿಗೆ ಮಾತ್ರ ಈ ಕಾನೂನು ಗೊತ್ತಿರಲಿಲ್ಲ. ಕಿಟಕಿ ಎಲ್ಲಿರಬೇಕೆಂದು ನಮ್ಮಲ್ಲಿ ಜಗಳ. ನನಗೆ ಕೆರೆಯ ಕಡೆಗೇ ಬೇಕಿತ್ತು. ಬೆಳಿಗ್ಗೆ ಕೆರೆಯ ಮೇಲೆ ಮಂಜು ಕೂತಿರುತ್ತಿತ್ತು, ಕುದುರೆ ಫಾರಂ ಕಡೆಯಿಂದ ಒಮ್ಮೊಮ್ಮೆ ಕುದುರೆ ಕೆನೆಯುವುದು ಕೇಳುತ್ತಿತ್ತು. ಇಲ್ಲದ ಕಿಟಕಿಯಲ್ಲಿ ಮೊಣಕೈ ಊರಿ ನಿಂತು ನಾನು ಅದನ್ನೆಲ್ಲ ಕೇಳುತ್ತಿದ್ದೆ. ನನಗೆ ಅಲ್ಲಿ ನಿಜವಾಗಿಯೂ ಗೋಡೆ ಕಾಣಿಸುತ್ತಿತ್ತು.

ಬಿಸಿಲು ಇಳಿದ ಮೇಲೆ ಸಿಸ್ಟರ್ ಅಲ್ಲಿಗೇ ಬಂದು ಬೈಬಲ್ ಕತೆ ಹೇಳುತ್ತಿದ್ದರು. ಫ್ಲಾನೆಲ್ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಕಾಗದದ ಬೊಂಬೆಗಳನ್ನು ಒತ್ತಿದರೆ ಅವು ಹಾಗೇ ನಿಂತುಕೊಳ್ಳುತ್ತಿದ್ದವು. ಕುರಿ, ಬಾವಿ, ಬಣ್ಣದ ಅಂಗಿ ತೊಟ್ಟ ಯೋಸೇಫ, ಅವನನ್ನು ಬಾವಿಗೆ ತಳ್ಳಿದ ಅಣ್ಣಂದಿರು. ಗಾಳಿ ಬಂದರೆ ಅಣ್ಣಂದಿರೆಲ್ಲ ಹಾರಿಹೋಗಿ ಯೋಸೇಫನೊಬ್ಬನೇ ಉಳಿಯುತ್ತಿದ್ದ. ಮನೆಗೆ ಬಂದು ಹೇಳಿದರೆ ಅಬ್ಬನ ತಾಯಿ, ನಮ್ಮ ದಾದಿಮಾ, ಅದು ನಮ್ಮ ಯೂಸುಫರ ಕತೆ ಎಂದು ಇನ್ನೂ ಉದ್ದವಾಗಿ ಹೇಳುತ್ತಿದ್ದಳು. ಎರಡೂ ಕಲೆತು ನನ್ನ ಕನಸಿನಲ್ಲಿ ಅವನ ಬಾವಿ ನಮ್ಮ ಪಾಯದೊಳಗೇ ಇರುತ್ತಿತ್ತು.

ಆದರೆ ಕನಸು ಕಾಣುವುದಕ್ಕೂ ಒಂದು ಗಡುವಿತ್ತು. ದಾದಿಮಾ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಮನೆಯಲ್ಲಿ ನಾವಾಡುತ್ತಿದ್ದುದು ಉರ್ದು, ನಮ್ಮೂರ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಸಿಸ್ಟರ್ ಹತ್ರ ಎಷ್ಟ್ ಬೇಕಾದ್ರೂ ಓದ್ಲಿ, ನಾನ್ ಬ್ಯಾಡ ಅನ್ನಲ್ಲ. ಗಂಡುಡುಗ್ರು ಕೂತ್ಕೊಳೋ ಸ್ಕೂಲ್ಗೆ ಮಾತ್ರ ಕಳ್ಸಲ್ಲ. ಏಳಾಯ್ತು ಅಂದ್ರೆ ಮನೇಲಿರ್ಲಿ." ಅಬ್ಬ ಅವಳ ಮಾತು ಮೀರುವವರಲ್ಲ. ಎಂಟನೇ ಕ್ಲಾಸಿನ ಗೋಡೆ ಎದ್ದರೆ ನನ್ನ ಓದು, ಏಳದಿದ್ದರೆ ಅಮ್ಮಿಯ ಪಕ್ಕದಲ್ಲಿ ಸೂಜಿ ಹಿಡಿದು ಕೂರುವುದು. ಬಸ್ ಸ್ಟ್ಯಾಂಡ್ ಹತ್ತಿರ ಅಬ್ಬನದು ಟೈಲರ್ ಅಂಗಡಿ. ಅಲ್ಲಿಗೆ ಬಂದ ಹರಿದ ಬಟ್ಟೆಗಳಿಗೆ ಮನೆಯಲ್ಲಿ ಅಮ್ಮಿ ರಫು ಮಾಡುತ್ತಿದ್ದಳು. ಆ ಬಟ್ಟೆಯದೇ ಎಳೆ ತೆಗೆದು ಹರಿದಲ್ಲಿಗೆ ಗುರುತೇ ಸಿಗದಂತೆ ನೇಯುವ ಕೆಲಸ ಅದು. ಒಳ್ಳೆಯ ಕೆಲಸವೇ. ಆದರೆ ಅದು ನನ್ನ ಪಾಲಿಗೆ ಬರುವುದು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಮ್ಮಿಗೇ ಬೇಡವಾಗಿತ್ತು.

ನಾನು ಏಳರಲ್ಲಿದ್ದ ವರ್ಷ, ಮಳೆಗಾಲ ಕಳೆದ ಮೇಲೆ, ಆ ಸಂಸ್ಥೆಯವರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮಂಗಳೂರು ಕಡೆಯ ಹೆಡ್ ಸಿಸ್ಟರ್ ಪುಸ್ತಕದ ಕನ್ನಡದಲ್ಲಿ, "ಮಕ್ಕಳು ಶುಚಿಯಾಗಿ ಬಂದರೆ ಸಾಕು," ಎಂದರು. ಹಾಗೆಂದರೆ ಯಾರು ಬಿಡುತ್ತಾರೆ? ಸಮುದ್ರ ದಾಟಿ ಬರುವ ನೆಂಟರು. ತಾಯಂದಿರೆಲ್ಲ ಸೇರಿ ಶಾಲೆಯನ್ನು ಮದುವೆ ಮನೆ ಮಾಡಿಬಿಟ್ಟರು. ತೂತುಬಿದ್ದ ತಗಡಿನ ಶೀಟು ಕಾಣದಂತೆ ಶಾಮಿಯಾನದ ಕೆಂಪು ಬಟ್ಟೆ ಕಟ್ಟಿಸಿದರು. ಕಾಲು ಮುರಿದ ಬೆಂಚುಗಳನ್ನು ಹಿತ್ತಲಿಗೆ ಸಾಗಿಸಿ ಟೆಂಟ್ ಹೌಸಿನ ಕುರ್ಚಿ ತರಿಸಿದರು. ಒಂದು ಮನೆಯಿಂದ ಬಿರಿಯಾನಿ, ಒಂದು ಮನೆಯಿಂದ ಹೋಳಿಗೆ, ಅಮೃತೂರಿನ ತೋಟದಿಂದ ಎಳನೀರು. ನಮಗೆಲ್ಲ ರೇಷ್ಮೆ ಲಂಗ, ಕನಕಾಂಬರ. ನನ್ನ ಕೊರಳಲ್ಲಿ ಪಕ್ಕದ ಮನೆಯ ಅಕ್ಕನ ಸರ ಹೊಳೆಯುತ್ತಿತ್ತು. ಅಷ್ಟು ಚಂದದ ದಿನವನ್ನು ನಾನು ಆಮೇಲೆ ಬಹಳ ಕಂಡಿಲ್ಲ.

ವಯಸ್ಸಾದ ಒಬ್ಬ ಹೆಂಗಸು, ಒಬ್ಬ ಗಂಡಸು, ಮಾತು ತಿಳಿಸಿ ಹೇಳಲು ಬೆಂಗಳೂರಿನವರೊಬ್ಬರು ಬಂದಿದ್ದರು. ನಮ್ಮ ಹಾಡು ಕೇಳಿದರು, ಬಿರಿಯಾನಿ ಎರಡೆರಡು ಸಲ ಹಾಕಿಸಿಕೊಂಡರು. ಗಂಡಸು ತಲೆಯೆತ್ತಿ ಕೆಂಪು ಶಾಮಿಯಾನವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರಿಗೂ ಕೈಮುಗಿದು, ಗುಬ್ಬಿ ಕಡೆ ಇನ್ನೊಂದು ಶಾಲೆ ನೋಡಬೇಕೆಂದು ಹೊರಟುಹೋದರು. ಕಾರಿನ ಧೂಳು ಇಳಿಯುವ ಮೊದಲೇ ನಮ್ಮ ತಾಯಂದಿರು ಗೋಡೆಗೆ ಯಾವ ಬಣ್ಣ ಎಂದು ಮಾತಾಡಿಕೊಳ್ಳುತ್ತಿದ್ದರು.

ಕೆಲವು ದಿನಗಳಾದ ಮೇಲೆ ಸಿಸ್ಟರ್ ಎಲ್ಲರನ್ನೂ ಕರೆಸಿದರು. "ನಿಮ್ಮ ಮಕ್ಕಳನ್ನು ನೋಡಿ ಅವರಿಗೆ ತುಂಬಾ ಸಂತೋಷವಾಗಿದೆ. ನೀವು ಅನುಕೂಲವಂತರು, ನಿಮಗಿಂತ ಕಷ್ಟದಲ್ಲಿ ಇರುವವರಿಗೆ ಮೊದಲು ಕಟ್ಟಿಸುತ್ತೇವೆ ಎಂದಿದ್ದಾರೆ. ನಮ್ಮ ಕೊಠಡಿ ಗುಬ್ಬಿ ಕಡೆಯ ಶಾಲೆಗೆ ಹೋಯಿತು," ಎಂದರು. ಸರ ಕೊಟ್ಟಿದ್ದ ಪಕ್ಕದ ಮನೆಯ ಅಕ್ಕ ಕೇಳಿದಳು: "ಮನೆಗ್ ಬಂದ ನೆಂಟ್ರಿಗೆ ಯಾರಾದ್ರೂ ಮುರ್ದೋಗಿರೋ ಮಂಚ ತೋರುಸ್ತಾರಾ ಸಿಸ್ಟರ್?" ಸಿಸ್ಟರ್ ತಲೆ ತಗ್ಗಿಸಿದರು. ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಗುಬ್ಬಿ ಕಡೆಯ ಮಕ್ಕಳ ಮೇಲಂತೂ ಇಲ್ಲವೇ ಇಲ್ಲ.

ಸಿಸ್ಟರ್ ಸುಮ್ಮನೆ ಕೂರಲಿಲ್ಲ. ಹೇಗೋ ಕಾಡಿಬೇಡಿ, ವಾರ್ಷಿಕ ಪರೀಕ್ಷೆಗೆ ಮುಂಚೆ ಆ ಹೆಂಗಸನ್ನು ಇನ್ನೊಂದು ಸಲ ಬರುವಂತೆ ಒಪ್ಪಿಸಿದರು. ನಮ್ಮ ಬೀದಿಗೇ ಬಂದು ಮನೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಈ ಸಲ ಏನೂ ಬೇಡಮ್ಮಾ. ಇರುವ ಹಾಗೆ ಕಳುಹಿಸಿ."

ಆ ಹೆಂಗಸು ಬರುವ ದಿನ ಬೆಳಿಗ್ಗೆ ನಾನು ತಲೆ ಬಾಚಿಕೊಂಡು ಬಂದಾಗ ಅಮ್ಮಿ ನನ್ನ ಯೂನಿಫಾರಂ ಲಂಗವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲ ಬೆಳಕಿನಲ್ಲಿ ಕೂತಿದ್ದಳು. ಹಿಂದೆ ಬೆಂಚಿನ ಮೊಳೆಗೆ ಸಿಕ್ಕಿ ಹರಿದಿದ್ದ ಲಂಗ ಅದು. ಅಮ್ಮಿ ರಫು ಮಾಡಿದ ಮೇಲೆ ಎಲ್ಲಿ ಹರಿದಿತ್ತೆಂದು ನನಗೇ ಸಿಗುತ್ತಿರಲಿಲ್ಲ. ಅವಳು ಬೆರಳಾಡಿಸಿ ಆ ಜಾಗ ಹುಡುಕಿದಳು. ಸೂಜಿಯ ಮೊನೆಯಿಂದ ತಾನೇ ನೇಯ್ದಿದ್ದ ಎಳೆಗಳನ್ನು ಒಂದೊಂದಾಗಿ ಎತ್ತಿ ಎಳೆಯತೊಡಗಿದಳು.

"ಯಾಕಮ್ಮೀ?" ಎಂದೆ.

"ಇರೋ ಹಂಗೆ ಕಳ್ಸಿ ಅಂದ್ರಲ್ಲ ನಿಮ್ ಸಿಸ್ಟರ್. ಇರೋದು ಇದೇ."

ಮಂಚದ ಮೇಲಿಂದ ದಾದಿಮಾ, "ನಾಕ್ ಜನ ಏನಂತಾರೆ?" ಎಂದಳು.

"ಅಂದ್ಕೊಳ್ಳಿ ಬುಡಿ. ನನ್ ಮಗ್ಳು ಓದ್ಲಿ."

ದಾದಿಮಾಗೆ ಅಮ್ಮಿ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅಳಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ಹರಿದದ್ದು ಬಾಯಿ ಬಿಟ್ಟಮೇಲೆ ಅದರ ಅಂಚನ್ನು ಕೈಯಿಂದ ಸವರಿ, ಲಂಗವನ್ನು ನನ್ನ ಕಡೆ ಚಾಚಿದಳು. ನನ್ನ ಮುಖ ನೋಡಲಿಲ್ಲ.

ಶಾಲೆಗೆ ಬಂದು ನೋಡಿದರೆ ಅರ್ಧದಷ್ಟು ಹುಡುಗಿಯರು ಮತ್ತೆ ಹೂ ಮುಡಿದುಕೊಂಡೇ ಬಂದಿದ್ದರು, ಇರುವ ಹಾಗೆ ಕಳಿಸಲು ಅವರ ತಾಯಂದಿರಿಗೆ ಮನಸ್ಸು ಬಂದಿರಲಿಲ್ಲ. ಆ ಹೆಂಗಸು ಒಬ್ಬರೇ ಇದ್ದರು, ಜೊತೆಗೆ ಬೆಂಗಳೂರಿನವರು. ಶೀಟಿನ ತೂತುಗಳಿಂದ ಬಿಸಿಲು ನೆಲದ ಮೇಲೆಲ್ಲ ಚೆಲ್ಲಿತ್ತು. ಅವರು ಅದನ್ನು ನೋಡಿದರು, ನನ್ನ ಲಂಗವನ್ನೂ ನೋಡಿದರು. ಪಾಯದ ಹತ್ತಿರ ಕರೆದುಕೊಂಡು ಹೋಗಿ ಬಾಗಿಲ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಹರಿದಲ್ಲಿಗೆ ನಾನು ಕೈ ಅಡ್ಡ ಹಿಡಿದಿದ್ದೆ. ಬೆಂಗಳೂರಿನವರು ಬಂದು, "ಹೀಗಿಟ್ಕೋ ಪುಟ್ಟಾ," ಎಂದು ಆ ಕೈಯನ್ನು ಮೆತ್ತಗೆ ಸರಿಸಿದರು. ತುಂಬ ಒಳ್ಳೆಯವರಂತೆ ನಗುತ್ತಲೇ ಸರಿಸಿದರು.

ಜೂನ್ ಹೊತ್ತಿಗೆ ಗೋಡೆ ಎದ್ದಿತು. ಸಿಸ್ಟರುಗಳು ಪ್ರಾರ್ಥನೆ ಮಾಡಿ ಬಾಗಿಲು ತೆರೆದ ದಿನ ದಾದಿಮಾ ಕೂಡ ಬಂದು, ಹೊಸ ಗೋಡೆಗೆ ಅಂಗೈ ಒತ್ತಿ, ಗಟ್ಟಿಯಾಗಿದೆ ಎಂದಳು. ಕಿಟಕಿ ಕೆರೆಯ ಕಡೆಗಿರಲಿಲ್ಲ. ಕೊಠಡಿ ನಾವು ಆಡಿಕೊಂಡಿದ್ದಷ್ಟು ದೊಡ್ಡದೂ ಅಲ್ಲ, ಗೋಡೆ ಬಂದ ಮೇಲೆ ಚಿಕ್ಕದಾಗಿಬಿಟ್ಟಿತ್ತು. ಆದರೂ ಎಂಟನೇ ಕ್ಲಾಸಿನ ಪುಸ್ತಕದ ವಾಸನೆ ನೋಡುತ್ತ ನಾನು ಅದರೊಳಗೆ ತೇಲುತ್ತಿದ್ದೆ. ಕೊಠಡಿಗಳು ಒಂದೊಂದಾಗಿ ಸೇರುತ್ತ ಹೋದವು, ಹತ್ತನೆಯದನ್ನೂ ಅಲ್ಲೇ ಮುಗಿಸಿದೆ.

ಆ ಕೊನೆಯ ವರ್ಷ ಸಿಸ್ಟರ್ ನನ್ನನ್ನು ಕರೆದು, ಆ ಫೋಟೋವನ್ನು ದೊಡ್ಡದು ಮಾಡಿಸಿ ಆ ಸಂಸ್ಥೆಯವರು ತಮ್ಮ ಕಚೇರಿಯ ಮುಂದಿನ ಗೋಡೆಗೆ ಹಾಕಿದ್ದಾರಂತೆ, ಅದನ್ನು ನೋಡಿಯೇ ಎಷ್ಟೋ ಜನ ಶಾಲೆಗಳಿಗೆ ದುಡ್ಡು ಕೊಡುತ್ತಾರಂತೆ ಎಂದರು. ನನಗೆ ಹೆಮ್ಮೆಯಾಯಿತು. ಓಡಿಬಂದು ಅಮ್ಮಿಗೆ ಹೇಳಿದೆ. ಅಮ್ಮಿ ಸೂಜಿ ಕೆಳಗಿಟ್ಟಳು.

"ಆ ಲಂಗದಾಗೇ ನಿಂತಿದೀಯಾ?"

"ಹೂಂ."

ಅವಳು ಸೂಜಿ ಎತ್ತಿಕೊಂಡು ಮತ್ತೆ ಬಟ್ಟೆಯ ಮೇಲೆ ಬಗ್ಗಿದಳು. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ನಾನು ಅದೇ ಶಾಲೆಗೆ ಟೀಚರಾಗಿ ಸೇರಿದೆ. ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಆ ಸಂಸ್ಥೆಯಿಂದ ಹೊಸ ಹುಡುಗ ಹುಡುಗಿಯರು ನೋಡಲು ಬಂದರು. ಎಂಟನೇ ಕ್ಲಾಸಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಅಮ್ಮಿ ಬಾಗಿಲಲ್ಲಿ ಬಂದು ನಿಂತಳು. ಬುರ್ಕಾದೊಳಗೆ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನೇರವಾಗಿ ಕ್ಯಾಮೆರಾ ಹಿಡಿದಿದ್ದ ಹುಡುಗಿಯ ಹತ್ತಿರ ಹೋಗಿ, ನನ್ನ ಕಡೆ ಕೈತೋರಿಸಿ, ಕನ್ನಡದಲ್ಲೇ ಹೇಳಿದಳು:

"ಇವ್ಳುದ್ ಇನ್ನೊಂದ್ ಫೋಟೋ ತೆಗೀಮ್ಮ. ಹಳೇದ್ ತೆಗ್ದು ಇದ್ನ ಹಾಕಿ."

ಆ ಹುಡುಗಿಗೆ ಹಳೆಯದು ಯಾವುದೆಂದೂ ತಿಳಿಯದು, ಅಮ್ಮಿಯ ಮಾತೂ ತಿಳಿಯದು. ನಾನು ಇಂಗ್ಲಿಷಿನಲ್ಲಿ, ನಮ್ಮ ತಾಯಿ ಒಂದು ಫೋಟೋ ಕೇಳುತ್ತಿದ್ದಾರೆ ಎಂದಷ್ಟೇ ಹೇಳಿದೆ. ಹಳೆಯದನ್ನು ತೆಗೆಯುವ ಮಾತು ಹೇಳಲಿಲ್ಲ. ಅಮ್ಮಿ ನನ್ನ ದುಪಟ್ಟಾ ನೇರ ಮಾಡಿ, ಒಂದು ನೂಲಿನ ತುಂಡು ತೆಗೆದು ಹಾಕಿ, ಪಕ್ಕಕ್ಕೆ ಸರಿದು ನಿಂತಳು. ಹುಡುಗಿ ನಗುತ್ತ ಫೋಟೋ ತೆಗೆದಳು.

ಮನೆಗೆ ನಡೆದು ಬರುವಾಗ ಅಮ್ಮಿ ಕೇಳಿದಳು: "ಹಳೇದ್ನ ತೆಗೀತಾರಂತಾ?"

"ತೆಗೀತಾರಂತಮ್ಮೀ," ಎಂದೆ.

ಅಮ್ಮಿ ಆ ದಿನ ಹೊಟ್ಟೆ ತುಂಬ ಊಟ ಮಾಡಿದಳು.